ಬಾಗಿಲಕ್ಕನ ದಂಡ

ನಮ್ಮ ಅಶಾರ್ ಕೂಟದಲ್ಲಿ ಅಧ್ಯಕ್ಷರ ಕೈಯಲ್ಲಿ ಗಂಟೆ ಇದೆ, ನನ್ನ ಕೈಯಲ್ಲಿ ದಂಡ ಇದೆ. ಗಂಟೆಗೆ ಯಾರೂ ಹೆದರುವುದಿಲ್ಲ.

ಅಜ್ಜಂದಿರ ಕಾಲದಲ್ಲಿ ಚಳಿಗಾಲದ ಕೂಟಗಳಿಗೆ ಒಬ್ಬ ಬಾಗಿಲಣ್ಣ ಇರುತ್ತಿದ್ದ. ಯಾರು ಒಳಗೆ ಬರಬೇಕು, ಯಾರು ಹೊರಗೆ ನಿಲ್ಲಬೇಕು, ತಡವಾಗಿ ಬಂದವನಿಗೆ ಏನು ದಂಡ, ಎಲ್ಲವೂ ಅವನ ಮಾತು. ಅಶಾರ್ ಎಂದರೆ ಊರವರೆಲ್ಲ ಸೇರಿ ಕೈಹಾಕುವ ಕೆಲಸ; ಹಾಗೆ ಊರಿಗೆ ಉಪಕಾರ ಮಾಡೋಣವೆಂದು ನಾವು ಕೂಟ ಕಟ್ಟಿದಾಗ ಆ ಪದ್ಧತಿಯನ್ನೂ ಇಟ್ಟುಕೊಂಡೆವು. ಸೂಲಗಿತ್ತಿಯಾಗಿ ಊರವರನ್ನೆಲ್ಲ ಬೈದು ರೂಢಿಯಿದ್ದ ನನ್ನನ್ನೇ ಬಾಗಿಲಕ್ಕನನ್ನಾಗಿ ಮಾಡಿದರು. "ಸಾಕಿನ್ ಎಜೆ ಬಾಗಿಲಲ್ಲಿ ಕೂತ್ರೆ ನಾಯಿ ಸಾಕೋದು ಉಳೀತದೆ," ಎಂದ ಬಸ್ ಓಡಿಸುವ ಮಿದಿನ್; ಎಜೆ ಎಂದರೆ ಅಕ್ಕ. ಆ ಹುದ್ದೆಯಲ್ಲಿ ನಾನು ಹಾಕಿದ ಮೊದಲ ದಂಡ ಅವನಿಗೇ ಬಿತ್ತು.

ನಮ್ಮಲ್ಲಿ ದಂಡವೆಂದರೆ ದುಡ್ಡಲ್ಲ. ಹಾಡು ಹೇಳಬೇಕು, ಇಲ್ಲವೇ ಈರುಳ್ಳಿ ಸುಲಿಯಬೇಕು, ಇಲ್ಲವೇ ಜಗಳವಾಡಿದವನ ಬೂಟು ಒರೆಸಬೇಕು. ಭಾಷಣಕ್ಕೆ ಬಂದ ಅತಿಥಿಯನ್ನೂ ಬಿಡುವುದಿಲ್ಲ. ಅತಿಥಿ ಎದ್ದು ನಿಂತ ಕೂಡಲೇ ಅವನ ಮುಂದೆ ಒಂದು ಬಟ್ಟಲು ಬಿಸಿ ಚಹಾ ಇಡುತ್ತೇವೆ. ಅದು ತಣ್ಣಗಾಗುವುದರೊಳಗೆ ಮಾತು ಮುಗಿಯಬೇಕು. ನಾನು ಬೆರಳಿಟ್ಟು ನೋಡುತ್ತಿರುತ್ತೇನೆ. ಇನ್ನು ಬಾಗಿಲಕ್ಕನಿಗೇ ದಂಡ ಹಾಕಬೇಕೆಂದರೆ ಕೋಣೆಯಲ್ಲಿರುವ ಉಳಿದ ಸದಸ್ಯರೆಲ್ಲರ ಕೈಯೂ ಏಳಬೇಕು. ಒಂದೇ ಒಂದು ಕೈ ಕೆಳಗೆ ಉಳಿದರೂ ಆಗುವುದಿಲ್ಲ. ಕಾಯುವ ಮನೆಯ ವರ್ಷದವರೆಗೆ ಆ ನಿಯಮ ಯಾರಿಗೂ ಬೇಕಾಗಿರಲಿಲ್ಲ.

ಆ ವರ್ಷ ನಾವು ಕೈಹಾಕಿದ್ದು ಕಾಯುವ ಮನೆಗೆ. ಆಸ್ಪತ್ರೆಯ ಬೇಲಿಗೆ ತಾಗಿದಂತೆ ಒಂದು ಹಳೆಯ ಮನೆ ಪಾಳು ಬಿದ್ದಿತ್ತು. ಘಟ್ಟದ ಮೇಲಿನ ಹಳ್ಳಿಗಳ ಬಸುರಿಯರು ದಿನ ತುಂಬುವ ಮುಂಚೆಯೇ ಇಳಿದು ಬಂದು ಅಲ್ಲಿ ಇರಲಿ, ಹಿಮ ಬಿದ್ದು ದಾರಿ ಮುಚ್ಚಿದ ಮೇಲೆ ಕುರಿ ಸಾಗಿಸುವ ಲಾರಿಯಲ್ಲಿ ಹೆರುವ ಹಣೆಬರಹ ಇನ್ನು ಸಾಕು ಎಂದು ನಮ್ಮ ಆಸೆ. ಬೇಸಿಗೆಯಿಡೀ ಸಂತೆಯಲ್ಲಿ ಹಿಟ್ಟಿನ ತುಂಡುಗಳ ಬೋರ್ಸೋಕ್ ಕರಿದು ಮಾರಿದೆವು, ಉಣ್ಣೆಯ ಚಪ್ಪಲಿ ಹೊಲಿದು ಮಾರಿದೆವು. ನಮ್ಮ ಅಧ್ಯಕ್ಷ ಕೆಂಜೆಬೆಕ್, ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತನಾದ ಮನುಷ್ಯ, ಜನರನ್ನು ನಗಿಸಿ ಕಾಸು ಬೀಳಿಸಲೆಂದು ಹೆಂಗಸರ ಕುಪ್ಪಸ ತೊಟ್ಟು ಕುಣಿದ. ಚಾವಣಿಯಾಯಿತು, ಮಂಚವಾಯಿತು, ಕಿಟಕಿಗೆ ಗಾಜಾಯಿತು. ಒಲೆಯೊಂದು ಉಳಿಯಿತು. ನಮ್ಮ ಚಳಿಯಲ್ಲಿ ಒಲೆಯಿಲ್ಲದ ಮನೆ ಗೋರಿಗೆ ಸಮ.

ಆ ಮನೆಗೆ ಮೊದಲು ಬರಬೇಕಾದವಳು ಬುರುಲ್. ಘಟ್ಟದ ಮೇಲಿನ ಹುಡುಗಿ, ಇನ್ನೂ ಇಪ್ಪತ್ತು ತುಂಬಿಲ್ಲ, ತುಂಬು ಬಸುರಿ. ಮದುವೆಯಾಗಿರಲಿಲ್ಲ. ಅವನು ಯಾರು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅಣ್ಣಂದಿರು ಅವಳ ಹಾಸಿಗೆಯನ್ನು ಗೇಟಿನಾಚೆ ಎಸೆದಿದ್ದರು. ಸದ್ಯಕ್ಕೆ ನನ್ನ ಮನೆಯಲ್ಲಿದ್ದಳು. ಆದರೆ ನನ್ನ ಮನೆ ಹೊಳೆಯಾಚೆ. ಸೇತುವೆ ಹಿಮಗಟ್ಟಿದರೆ ಕಾರೂ ದಾಟದು, ಕುದುರೆಯೂ ದಾಟದು. ಅವಳಿಗೆ ಕಾಲು ಬಾತುಕೊಳ್ಳುತ್ತಿತ್ತು, ತಲೆ ಸಿಡಿಯುತ್ತಿತ್ತು. ಆಸ್ಪತ್ರೆಯ ಗೋಡೆ ಕಣ್ಣಿಗೆ ಕಾಣುವಷ್ಟು ಹತ್ತಿರ ಇರದಿದ್ದರೆ ಈ ಹುಡುಗಿ ಉಳಿಯುವುದಿಲ್ಲ ಎಂದು ನನ್ನ ಕೈಗೆ ಗೊತ್ತಾಗಿಬಿಟ್ಟಿತ್ತು.

ಆಗ ಕೆಂಜೆಬೆಕ್, "ತೋಕ್ತೋಸುನ್‌ನ ಕರೆಯೋಣ. ಅವನು ಭಾಷಣ ಮಾಡ್ಲಿ, ಒಲೆ ಕೊಡ್ಲಿ," ಎಂದ.

ತೋಕ್ತೋಸುನ್ ಕಲ್ಲಿದ್ದಲಿನ ಸಾಹುಕಾರ. ಊರಿನ ಪ್ರತಿ ಚಿಮಣಿಯಿಂದ ಏಳುವ ಹೊಗೆ ಅವನದೇ. ಇತ್ತೀಚೆಗೆ ಚುನಾವಣೆಯ ಹುಳವೂ ತಲೆಗೆ ಹೊಕ್ಕಿತ್ತು. ಅವನ ತಾಯಿ ಬಾತ್ಮಾ ನಮ್ಮ ಕೂಟದ ಹಳೆಯ ಸದಸ್ಯೆ. ಪ್ರತಿ ಗುರುವಾರ ನನ್ನ ಪಕ್ಕ ಕೂತು ಹೆಣಿಗೆ ಹಾಕುತ್ತಾಳೆ, ಎಲ್ಲ ನಿರ್ಣಯಕ್ಕೂ ಎಲ್ಲರೊಂದಿಗೆ ಕೈ ಎತ್ತುತ್ತಾಳೆ, ಮಾತು ಕಡಿಮೆ. ತೋಕ್ತೋಸುನ್‌ನ ಹೊಕ್ಕುಳು ಕೊಯ್ದವಳು ನಾನು. ನಮ್ಮಲ್ಲಿ ಹೊಕ್ಕುಳತಾಯಿ ಎಂದರೆ ಅರ್ಧ ತಾಯಿ. ಹಬ್ಬಕ್ಕೆ ಬಂದು ಅವಳಿಗೆ ಹೊಸ ಬಟ್ಟೆ ಕೊಡಬೇಕು, ಅವಳ ಮುಂದೆ ದನಿ ಏರಿಸಬಾರದು. ಅವನು ಹಬ್ಬಕ್ಕೆ ಡ್ರೈವರ್ ಕೈಲಿ ತಲೆವಸ್ತ್ರ ಕಳಿಸುತ್ತಿದ್ದ.

ಆ ಗುರುವಾರ ಅವನು ಬಂದದ್ದು ಬಿಳಿ ಅಂಗಿ ತೊಟ್ಟು, ಒಬ್ಬ ಫೋಟೊ ತೆಗೆಯುವವನನ್ನೂ ಒಂದು ಹೊಸ ಹಲಗೆಯನ್ನೂ ಹಿಡಿದುಕೊಂಡು. ಹಲಗೆಯ ಮೇಲೆ 'ಬಾತ್ಮಾ ತಾಯಿಯ ಮನೆ' ಎಂದು ಚಿನ್ನದ ಬಣ್ಣದಲ್ಲಿ ಬರೆಸಿದ್ದ. ಕೆಂಜೆಬೆಕ್ ಗಂಟೆ ಬಾರಿಸಿದ. ನಾನು ಚಹಾ ಇಟ್ಟೆ. ತೋಕ್ತೋಸುನ್ ತನ್ನ ಬಡತನದಿಂದ ಶುರುಮಾಡಿ, ಮೊದಲ ಲಾರಿಗೆ ಬಂದು, ಎರಡನೆಯ ಲಾರಿಗೆ ಹೋಗುವಷ್ಟರಲ್ಲಿ ಚಹಾದ ಮೇಲೆ ಕೆನೆ ಕಟ್ಟಿತ್ತು. ಒಲೆ ಸಿಗುವುದಾದರೆ ಇನ್ನೂ ಹತ್ತು ಲಾರಿ ಬರಲಿ ಎಂದು ಸುಮ್ಮನಿದ್ದೆ.

"ದೊಡ್ಡ ಒಲೆ, ಗೋಡೆಗೆಲ್ಲ ಬಿಸಿನೀರಿನ ಪೈಪು, ಚಳಿಗಾಲ ಮುಗಿಯೋ ತನಕ ಕಲ್ಲಿದ್ದಲು, ಎಲ್ಲ ನಂದು," ಎಂದ. ಚಪ್ಪಾಳೆ ಬಿತ್ತು. ಅವನು ಕೈಯೆತ್ತಿ ನಿಲ್ಲಿಸಿದ. "ಒಂದೇ ಮಾತು. ಇದು ನಮ್ಮಮ್ಮನ ಹೆಸರಿನ ಮನೆ. ಮರ್ಯಾದಸ್ಥ ಹೆಂಗಸರು ಇರ್ಬೇಕು. ನಿಕಾ ಆಗ್ದೆ ಹೊಟ್ಟೆ ಹೊತ್ಕೊಂಡು ಬರೋರಿಗೆ ಅಲ್ಲಿ ಜಾಗ ಇಲ್ಲ. ಅಷ್ಟು ಬರ್ಕೊಡಿ, ನಾಳೆನೇ ಒಲೆ ಬರುತ್ತೆ."

ಪರದೆಯ ಹಿಂದಿನ ಅಡುಗೆಮನೆಯಲ್ಲಿ ಬುರುಲ್ ಸಂತೆಗೆ ಬೋರ್ಸೋಕ್ ಕರಿಯುತ್ತಿದ್ದಳು. ಎಣ್ಣೆಯಲ್ಲಿ ಜಾಲರಿ ಸೌಟು ಆಡುವ ಸದ್ದು ನಿಂತುಹೋಯಿತು. ಕೆಂಜೆಬೆಕ್ ಆ ಪರದೆಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಆಮೇಲೆ ಚಪ್ಪಾಳೆ ತಟ್ಟಲು ಶುರುಮಾಡಿದ. ಮೂಗಿಗಿಂತ ಮೂಗುತಿ ಭಾರವಾಯಿತು ಎಂದು ಅವನಿಗೂ ಗೊತ್ತಿತ್ತು. ನನ್ನ ಮೈ ಉರಿದುಹೋಯಿತು.

"ದಂಡ!" ಎಂದು ಎದ್ದು ನಿಂತೆ.

ತೋಕ್ತೋಸುನ್ ನಕ್ಕ. "ಹಾಡಬೇಕಾ ಸಾಕಿನ್ ಎಜೆ? ಗಂಟಲು ಸರಿಯಿಲ್ಲ."

"ಚಹಾ ತಣ್ಣಗಾಗಿದ್ದಕ್ಕೆ ಹಾಡು, ಅದನ್ನ ಆಮೇಲೆ ಕೇಳೋಣ. ಇದು ಬೇರೆ ದಂಡ. ಈ ಕೂಟದಲ್ಲಿ ಬಾಗಿಲು ಹಾಕೋಳು ನಾನೊಬ್ಬಳೇ. ನೀನು ನನ್ನ ಬಾಗಿಲಿಗೆ ಕೈ ಹಾಕ್ದೆ."

"ಏನಂತೆ ದಂಡ?" ಕೆಂಜೆಬೆಕ್‌ನ ದನಿ ಇಲಿಯಷ್ಟಾಗಿತ್ತು.

"ಅಡುಗೆಮನೇಲಿ ಒಂದು ಹುಡುಗಿ ಇದಾಳೆ. ಇವನು ಹೋಗಿ ಅವಳ ಮುಖ ನೋಡ್ಕೊಂಡು ಇದೇ ಮಾತು ಹೇಳಿ ಬರ್ಲಿ. ಹೇಳೋಕಾದ್ರೆ ಇವನ ಒಲೆ ತಗೊಳ್ಳೋಣ."

ಅವನು ಹೋಗಬೇಕಾಗಲಿಲ್ಲ. ಬುರುಲ್ ತಾನೇ ಪರದೆ ಸರಿಸಿ ಹೊರಗೆ ಬಂದಳು. ಕೈಯಲ್ಲಿ ಸೌಟು, ಕೆನ್ನೆಯ ಮೇಲೆ ಹಿಟ್ಟು. ಹೊಟ್ಟೆಯನ್ನು ಮರೆಮಾಡಲು ಶಾಲು ಎಳೆದುಕೊಳ್ಳಲಿಲ್ಲ.

"ಹೇಳಿ ಅಣ್ಣಾ," ಎಂದಳು. "ಕೇಳ್ತೀನಿ."

ತೋಕ್ತೋಸುನ್ ಬಾಯಿ ತೆರೆದ. ಅವಳ ಮುಖ ನೋಡಿದ, ಮೇಜು ನೋಡಿದ, ಫೋಟೊದವನನ್ನು ನೋಡಿದ. "ನೀನು ಆ ಕ್ಯಾಮೆರಾ ಕೆಳಗಿಡೋ!" ಎಂದು ಅವನ ಮೇಲೆ ರೇಗಿದ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಆಮೇಲೆ ನನ್ನ ಕಡೆ ತಿರುಗಿ ದನಿ ಏರಿಸಿದ. "ನಾನು ದಾನ ಮಾಡೋಕೆ ಬಂದ್ನಾ, ಇಲ್ಲಾ ಮಾನ ಕಳ್ಕೊಳ್ಳೋಕೆ ಬಂದ್ನಾ?"

"ನಿನ್ನ ಹೊಕ್ಕುಳು ಕೊಯ್ದ ಕೈ ಇದು. ಆವತ್ತು ನಿಮ್ಮಮ್ಮನ ಹತ್ರ ನಿಕಾ ಕಾಗದ ತೋರ್ಸು ಅಂತ ಕೇಳ್ತಾ ಕೂತಿದ್ರೆ, ಇವತ್ತು ಭಾಷಣ ಬಿಗಿಯೋಕೆ ನೀನಿರ್ತಿರ್ಲಿಲ್ಲ. ಕಾಲು ಮುಂದೆ ಮಾಡ್ಕೊಂಡು ಬಂದವನು ನೀನು. ಆವಾಗ್ಲೇ ಗೊತ್ತಾಗ್ಬೇಕಿತ್ತು ನಂಗೆ."

ಮಿದಿನ್ ನಕ್ಕುಬಿಟ್ಟ. ಅದೇ ತೋಕ್ತೋಸುನ್‌ಗೆ ಹೆಚ್ಚು ಚುಚ್ಚಿತು.

"ಕೆಂಜೆಬೆಕ್ ಮೇಷ್ಟ್ರೇ," ಎಂದ, ಈಗ ದನಿ ತಗ್ಗಿಸಿ. "ಈಯಮ್ಮ ನಂಗೆ ಕ್ಷಮೆ ಕೇಳ್ಬೇಕು, ಬಾಗಿಲು ಬಿಟ್ಟಿಳೀಬೇಕು. ಇಲ್ಲಾಂದ್ರೆ ಒಲೇನೂ ಇಲ್ಲ. ಈ ಚಳಿಗಾಲ ಯಾರ ಮನೆಗೆ ಕಲ್ಲಿದ್ದಲು ಯಾವಾಗ ಬರುತ್ತೆ ಅಂತ ನಾನೂ ಯೋಚ್ನೆ ಮಾಡ್ಬೇಕಾಗುತ್ತೆ."

ಕೋಣೆ ತಣ್ಣಗಾಯಿತು. ಪ್ರತಿಯೊಬ್ಬರೂ ಮನಸ್ಸಿನಲ್ಲೇ ತಮ್ಮ ತಮ್ಮ ಹಿತ್ತಲಿಗೆ ಹೋಗಿ ಖಾಲಿ ಕಲ್ಲಿದ್ದಲು ಗೂಡು ನೋಡಿ ಬಂದರು. ಕೆಂಜೆಬೆಕ್ ಎದ್ದು, ನನ್ನ ಮುಖ ನೋಡದೆ, "ಬಾಗಿಲಕ್ಕನಿಗೆ ದಂಡ ಅನ್ನೋರು ಕೈ ಎತ್ತಿ," ಎಂದು ತನ್ನ ಕೈಯನ್ನೇ ಮೊದಲು ಎತ್ತಿದ. ಔಷಧಿ ಅಂಗಡಿಯವಳು ಎತ್ತಿದಳು. ಗ್ರಂಥಾಲಯದವಳು ಎತ್ತಿದಳು. ಒಂದೊಂದಾಗಿ ಎಲ್ಲವೂ ಎದ್ದವು. ಮಿದಿನ್ ಮೊಣಕೈವರೆಗೆ ಎತ್ತಿ, "ಐದು ಮಕ್ಕಳು ಎಜೆ," ಎಂದು ಗೊಣಗಿ, ಪೂರ್ತಿ ಎತ್ತಿದ. ಇವರಲ್ಲಿ ಅರ್ಧ ಜನರ ಮಕ್ಕಳು ಹುಟ್ಟಿದ್ದು ನನ್ನ ಕೈಗೆ. ಅಳಬಾರದೆಂದು ಹಲ್ಲು ಕಚ್ಚಿ ನಿಂತೆ.

"ಅಪಾ," ಎಂದು ತಾಯಿಯನ್ನು ಕರೆದ ತೋಕ್ತೋಸುನ್. "ಕೈ."

ನನ್ನ ಪಕ್ಕದಲ್ಲಿ ಹೆಣಿಗೆಯ ಕಡ್ಡಿಗಳು ಇನ್ನೂ ಆಡುತ್ತಿದ್ದವು. ಬಾತ್ಮಾ ತಲೆ ಎತ್ತಲಿಲ್ಲ.

"ಅಪಾ, ನಿನ್ನ ಹೆಸರಿನ ಮನೆ ಕಣಮ್ಮಾ. ಕೈ ಎತ್ತು."

"ನನ್ನ ಕೈಲಿ ಕೆಲಸ ಇದೆ," ಎಂದಳು ಬಾತ್ಮಾ.

ಆಮೇಲೆ ಹೆಣಿಗೆಯನ್ನು ಮಡಿಲಲ್ಲಿಟ್ಟು ಮಗನನ್ನು ನೋಡಿದಳು. "ನಿನಗಿಂತ ಮುಂಚೆ ಎರಡು ಹೆತ್ತೆ. ಎರಡೂ ಆ ಘಟ್ಟದ ದಾರೀಲೇ ಹೋದ್ವು. ನೀನಾದ್ರೂ ನಿಲ್ಲಲಿ ಅಂತ ತೋಕ್ತೋಸುನ್ ಅಂತ ಹೆಸರಿಟ್ಟೆ. ನಂಗೆ ನಿಕಾ ಆಗಿತ್ತು ಮಗಾ. ಮುಲ್ಲಾ ಓದಿದ್ದ, ಎರಡು ಕುರಿ ಕಡಿದಿದ್ರು. ಹಿಮ ಅದನ್ನೆಲ್ಲ ಕೇಳ್ಲಿಲ್ಲ."

ಎತ್ತಿದ ಕೈಗಳನ್ನು ಇಳಿಸುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ತೋಕ್ತೋಸುನ್ ಮುಖ ಕೆಂಪಗೆ ಮಾಡಿಕೊಂಡು ಹಲಗೆಯನ್ನು ಎತ್ತಿಕೊಳ್ಳಲು ಹೋದ.

"ಅದನ್ನ ಬಿಟ್ಟು ಹೋಗು," ಎಂದಳು ತಾಯಿ. "ಒಳ್ಳೆ ಮರ. ಹಿಂಬದೀಲಿ ಹಿಟ್ಟು ಲಟ್ಟಿಸ್ಬೋದು."

ಅವನು ಬಾಗಿಲು ಬಡಿದು ಹೋದ. ಅದಕ್ಕೂ ಒಂದು ದಂಡ ಬಾಕಿ ಇದೆ.

ಒಂದು ಕೈ ಕೆಳಗಿದ್ದದ್ದರಿಂದ ನನ್ನ ಬಾಗಿಲು ನನಗೇ ಉಳಿಯಿತು. ಆದರೆ ಒಲೆ? ಬುರುಲ್ ಸೌಟು ಹಿಡಿದು ಅಲ್ಲೇ ನಿಂತಿದ್ದಳು. "ನಾನು ಹೊರಟುಹೋಗ್ತೀನಿ ಎಜೆ, ನನ್ನಿಂದ ಇಷ್ಟೆಲ್ಲ," ಎನ್ನಲು ಹೋದಳು.

"ಮುಚ್ಚು ಬಾಯಿ. ಬೋರ್ಸೋಕ್ ಸೀಯ್ತಿದೆ ನೋಡು," ಎಂದೆ.

ಹಾಗೆನ್ನುವಾಗಲೇ ನನ್ನ ಕಣ್ಣು ನಮ್ಮ ಕೋಣೆಯ ಮೂಲೆಗೆ ಹೋಯಿತು. ಅಲ್ಲಿ ನಮ್ಮ ಕೂಟದ ಒಲೆ ಇತ್ತು. ಎರಕದ ಕಬ್ಬಿಣದ್ದು, ಎತ್ತಿನಷ್ಟು ಭಾರ, ಪ್ರತಿ ಗುರುವಾರ ನಾವು ಬೆನ್ನು ಕಾಯಿಸಿಕೊಂಡು ಪರೋಪಕಾರದ ಮಾತಾಡುತ್ತಿದ್ದುದು ಅದರ ಮುಂದೆಯೇ.

ಮಿದಿನ್ ನನ್ನ ಕಣ್ಣನ್ನು ಹಿಂಬಾಲಿಸಿದ. "ಅಯ್ಯೋ ಎಜೆ. ಇದನ್ನ ಕಿತ್ಕೊಂಡು ಹೋದ್ರೆ ನಾವು?"

"ನಿಂಗೆ ಕೋಟಿಲ್ವಾ? ಟೋಪಿ ಇಲ್ವಾ? ಕೈ ಎತ್ತಿದವರಿಗೆಲ್ಲ ದಂಡ. ಬನ್ನಿ, ಹಿಡೀರಿ."

ಮೊದಲು ಎದ್ದವನು ಕೆಂಜೆಬೆಕ್. ನನ್ನನ್ನು ದಾಟಿ ಹೋಗಿ, ಕೋಟು ಬಿಚ್ಚಿ ಒಲೆಯ ಬಿಸಿ ಕೊಳವೆಗೆ ಸುತ್ತಿ ಎಳೆದ. ಕೋಟು ಸುಟ್ಟಿತು. ಮಸಿಯೆಲ್ಲ ಅವನ ತಲೆಯ ಮೇಲೆ ಬಿತ್ತು. ಎತ್ತಿದ ಆ ಕೈಗಳೇ ಹಗಲು ಹೊತ್ತಿನಲ್ಲಿ, ಊರೆಲ್ಲ ನೋಡುತ್ತಿದ್ದ ಹಾಗೆ, ಆ ಒಲೆಯನ್ನು ಬೀದಿಯುದ್ದಕ್ಕೂ ಹೊತ್ತು ಆಸ್ಪತ್ರೆಯ ಬೇಲಿಯವರೆಗೆ ತಂದವು. ತೋಕ್ತೋಸುನ್‌ನ ಕಲ್ಲಿದ್ದಲು ಅಂಗಡಿಯ ಮುಂದೆ ಬೇಕೆಂದೇ ಇಳಿಸಿ ಸುಧಾರಿಸಿಕೊಂಡೆವು.

ಕಲ್ಲಿದ್ದಲು ಅವನದಾದರೆ ದನಗಳು ನಮ್ಮವು. ಊರಿನ ಪ್ರತಿ ಹಿತ್ತಲಿನಿಂದ ಬೆರಣಿ ಬಂತು. ನಮ್ಮ ಗುರುವಾರದ ಕೂಟಗಳಿಗೆ ಎಲ್ಲರೂ ಕುರಿತೊಗಲಿನ ಕೋಟು ತೊಟ್ಟು ಬಂದರು. ಅತಿಥಿಗಳ ಭಾಷಣ ಬಹಳ ಚುಟುಕಾಯಿತು. ಆ ಕೋಣೆಯಲ್ಲಿ ಚಹಾ ತಣ್ಣಗಾಗಲು ಎಷ್ಟು ಹೊತ್ತು ಬೇಕು? 'ಚಳಿ' ಎಂದವರಿಗೆ ಹಾಡಿನ ದಂಡ ಹಾಕಿದೆ. ಆ ಚಳಿಗಾಲ ಕೇಳಿದಷ್ಟು ಕೆಟ್ಟ ಹಾಡುಗಳನ್ನು ನಾನು ಹುಟ್ಟಿದ ಮೇಲೆ ಕೇಳಿಲ್ಲ.

ಘಟ್ಟದ ದಾರಿ ಮುಚ್ಚಿದ ವಾರವೇ ಕಾಯುವ ಮನೆಯಲ್ಲಿದ್ದ ಬುರುಲ್‌ಗೆ ನೋವು ಬಂತು. ಬೇಲಿ ದಾಟಿಸಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಹೊಳೆಯಾಚೆ ಇದ್ದಿದ್ದರೆ ಅಷ್ಟೇ ಕತೆ. ಡಾಕ್ಟರು ಬೆವರಿದರು, ನಾನು ಬೈದೆ, ಅವಳು ಉಳಿದಳು. ಹೆಣ್ಣು ಮಗು. ಹೊಕ್ಕುಳು ಯಾರು ಕೊಯ್ಯಬೇಕೆಂದು ಕೇಳಿದಾಗ ಬುರುಲ್ ನನ್ನ ಹೆಸರು ಹೇಳಲಿಲ್ಲ. "ಬಾತ್ಮಾ ಅಪಾ," ಎಂದಳು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ. ಆದರೂ ಕತ್ತರಿಯನ್ನು ನಾನೇ ಬಾತ್ಮಾಳ ಕೈಗಿಟ್ಟೆ.

ಮಗುವಿನ ಮೊದಲ ಅಂಗಿಯನ್ನು ಹಳೆಯ ಬಟ್ಟೆಯಲ್ಲೇ ಹೊಲಿಯುವುದು ನಮ್ಮ ಪದ್ಧತಿ, ಅದು ಹೊಕ್ಕುಳತಾಯಿಯ ಹಕ್ಕು. ಬಾತ್ಮಾ ತಂದ ಅಂಗಿ ಬೆಳ್ಳಗೆ, ನುಣ್ಣಗೆ ಇತ್ತು. ಮುಟ್ಟಿ ನೋಡಿ, "ಎಲ್ಲೋ ನೋಡಿದ ಬಟ್ಟೆ," ಎಂದೆ.

"ನಮ್ಮ ಹುಡುಗನ ಭಾಷಣದ ಅಂಗಿ," ಎಂದಳು. "ಮೂರು ದಿನದಿಂದ ಹುಡುಕ್ತಾ ಇದಾನೆ."

ಮಗು ನಲವತ್ತು ದಿನ ಹೊರಗೆ ಬರುವ ಹಾಗಿಲ್ಲ, ಹೊರಗಿನವರು ನೋಡುವ ಹಾಗೂ ಇಲ್ಲ. ಅದಕ್ಕೇ ಮುಂದಿನ ಗುರುವಾರ ಕೂಟವೇ ಕಾಯುವ ಮನೆಗೆ ಬಂತು. ಬೆಚ್ಚಗಿನ ಪಡಸಾಲೆಯಲ್ಲಿ, ಬುರುಲ್‌ಳ ಮುಚ್ಚಿದ ಬಾಗಿಲಿನ ಮುಂದೆ, ನಮ್ಮದೇ ಒಲೆಗೆ ಬೆನ್ನು ಕೊಟ್ಟು ಎಲ್ಲರೂ ಕೂತೆವು. ಆ ದಿನ ಭಾಷಣಕ್ಕೆ ಒಪ್ಪಿದ್ದ ಅತಿಥಿ ಹಿಮದಲ್ಲಿ ಸಿಕ್ಕಿಕೊಂಡಿದ್ದ. ಕೆಂಜೆಬೆಕ್ ಗಂಟೆ ಬಾರಿಸಿದ್ದೇ ತಡ, ಒಳಗೆ ಮಗು ಎದ್ದು ಗಂಟಲು ಹರಿಯುವಂತೆ ಕಿರುಚಲು ಶುರುಮಾಡಿತು.

"ಇವತ್ತಿನ ಅತಿಥಿ," ಎಂದ ಮಿದಿನ್. ನಾನು ಒಂದು ಬಟ್ಟಲು ಚಹಾ ತುಂಬಿ ಬಾಗಿಲಿನ ಮುಂದಿಟ್ಟೆ.

ಮಗು ನಿಲ್ಲಿಸಲಿಲ್ಲ. ಕೆಂಜೆಬೆಕ್ ಮತ್ತೆ ಗಂಟೆ ಬಾರಿಸಿದ. ಮಗು ಇನ್ನೂ ಜೋರು ಮಾಡಿತು. ನಾವು ಎರಡೆರಡು ಬಟ್ಟಲು ಕುಡಿದು ಮುಗಿಸಿದೆವು, ಬೋರ್ಸೋಕ್ ಖಾಲಿಯಾಯಿತು, ಅದು ಇನ್ನೂ ಕೂಗುತ್ತಲೇ ಇತ್ತು.

"ಬಾಗಿಲಕ್ಕಾ," ಎಂದ ಕೆಂಜೆಬೆಕ್, "ಹೊತ್ತು ಮೀರ್ತಿದೆ. ದಂಡ ಇಲ್ವಾ?"

ನಾನು ಬಗ್ಗಿ ಬಟ್ಟಲಿಗೆ ಬೆರಳಿಟ್ಟು ನೋಡಿದೆ. ಚಹಾ ಬಾವಿಯ ನೀರಿನಷ್ಟು ತಣ್ಣಗಿತ್ತು.

"ಇನ್ನೂ ಬಿಸಿ ಇದೆ," ಎಂದೆ. "ಮಾತಾಡ್ಲಿ ಬಿಡಿ."