ಪುಟ್ಟಸಿದ್ದಮ್ಮ ಹೆರೆದ ಬಿಲ್ಲು

ಹನಗೋಡಿನ ಚಿಕ್ಕಬೀರಯ್ಯ ಸುಗ್ಗಿಯಲ್ಲಿ ರಾಗಿ ಮೆದೆಯ ಮೇಲಿಂದ ಜಾರಿ ಬಿದ್ದು ಬಲಭುಜಕ್ಕೆ ಪೆಟ್ಟು ಮಾಡಿಕೊಂಡದ್ದನ್ನು ಊರೆಲ್ಲ ನೋಡಿತ್ತು. ಒಪ್ಪದೆ ಉಳಿದವನು ಅವನೊಬ್ಬನೇ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಪೈಕಿಯ ಮನುಷ್ಯ. "ಬಿದ್ದಿಲ್ಲ ಕಣ್ರಪ್ಪ, ಇಳುದೆ" ಎಂದು ಹೇಳಿಕೊಂಡು ತಿರುಗಿದ. ಕೈ ತಲೆಯವರೆಗೆ ಏಳದೆ, ಬೆಳಗ್ಗೆ ಎದ್ದರೆ ರುಮಾಲನ್ನು ಹೆಂಡತಿ ಪುಟ್ಟಸಿದ್ದಮ್ಮನೇ ಸುತ್ತಿಕೊಡಬೇಕಾಗಿತ್ತು. ಅದಕ್ಕೂ ಅವನ ಬಳಿ ಕಾರಣವಿತ್ತು. ರುಮಾಲು ಈಚೆಗೆ ಯಾಕೋ ಉದ್ದವಾಗಿದೆಯಂತೆ.

ಇಷ್ಟೇ ಆಗಿದ್ದರೆ ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಯುಗಾದಿ ಹತ್ತಿರ ಬರುತ್ತಿತ್ತು. ಯುಗಾದಿಯ ಮರುದಿನ ಹೊಸತೊಡಕು, ಎಲ್ಲರ ಮನೆಯಲ್ಲೂ ಬಾಡಿನೂಟ. ಅವತ್ತು ಬೆಳಗ್ಗೆ ಗಂಡಸರು ಲಕ್ಷ್ಮಣತೀರ್ಥ ಹೊಳೆಯ ಆಚೆಯ ಕುರುಚಲು ಕಾಡಿಗೆ ಬೇಟೆಗೆ ಇಳಿಯುವುದು ವಾಡಿಕೆ. ಕೋವಿ ಬೇಕೆಂದರೆ ಅಮಲ್ದಾರರ ಲೈಸೆನ್ಸಿಗೆ ಅಲೆಯಬೇಕಿದ್ದ ಕಾಲ, ಹಾಗಾಗಿ ಬಿಲ್ಲೇ ಗತಿ. ಅಲ್ಲಿ ಮೊದಲ ಅಂಬು ಬಿಡುವ ಹಕ್ಕು ಚಿಕ್ಕಬೀರಯ್ಯನದು. ಹೆದೆ ಎಳೆಯಲಾರದವನು ಬಿಲ್ಲನ್ನು ಬೇರೆಯವನಿಗೆ ಒಪ್ಪಿಸಿ, ತಮಟೆ ಹಿಡಿದು, ಪೊದೆ ಬಡಿದು ಮೊಲ ಎಬ್ಬಿಸುವವರ ಸಾಲಿಗೆ ಸೇರಬೇಕು. ಹಾಗೆ ತಮಟೆ ಹಿಡಿದವರ ಕೈಗೆ ಬಿಲ್ಲು ಮತ್ತೆ ಬಂದದ್ದನ್ನು ಯಾರೂ ಕಂಡಿಲ್ಲ.

ಸಾಲದ್ದಕ್ಕೆ ಈ ಸಲ ಬೀಗರು ಬೇರೆ ಬರುವವರಿದ್ದರು. ಮಗಳನ್ನು ಕೊಟ್ಟ ಮನೆಯ ಯಜಮಾನ, ಕಂಪಲಾಪುರದ ದೇವಯ್ಯನ ಮುಂದೆ ಚಿಕ್ಕಬೀರಯ್ಯ ಹಿಂದಿನ ವರ್ಷ ಹಂದಿ ಹೊಡೆದ ಕತೆಯನ್ನು ಮದುವೆಯ ಮಾತುಕತೆಯಿಂದ ಹಿಡಿದು ಇಲ್ಲಿಯವರೆಗೆ ಹೇಳುತ್ತಲೇ ಬಂದಿದ್ದ. ಹೇಳಿದಾಗಲೆಲ್ಲ ಹಂದಿ ಒಂದಿಷ್ಟು ದೂರ ಸರಿಯುತ್ತಿತ್ತು. ಈಗದು ಹೊಳೆಯ ಆಚೆ ದಡದಲ್ಲಿತ್ತು.

ಒಂದು ದಿನ ಕೊಟ್ಟಿಗೆಯ ಹಿಂದೆ ಅವನು ಯಾರೂ ಇಲ್ಲವೆಂದುಕೊಂಡು ಬಿದಿರಿನ ಬಿಲ್ಲು ಎಳೆದು ನೋಡುವುದು ಪುಟ್ಟಸಿದ್ದಮ್ಮನ ಕಣ್ಣಿಗೆ ಬಿತ್ತು. ಹೆದೆ ಎದೆಯವರೆಗೂ ಬರಲಿಲ್ಲ. ಹಲ್ಲು ಕಚ್ಚಿ ಮತ್ತೆ ಎಳೆದ. ಆಮೇಲೆ ಒಳಗೆ ಬಂದು, ಒಲೆಯ ಮೇಲಿನ ಗೂಟಕ್ಕೆ ಅದನ್ನು ತಗುಲಿಸಿ, "ಈ ಸಲ ಚಳಿ ಜಾಸ್ತಿ ಕಣಮ್ಮಿ, ಬಿದ್ರು ಬಿಗ್ದುಬುಟ್ಟೈತೆ" ಎಂದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವಳ ನಾಲಗೆಯ ತುದಿಗೆ ಬಂದಿತ್ತು. ಆದರೆ ಆ ದಿನ ಅವನು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಸಾರು ಉಪ್ಪೆಂದು ಬಯ್ಯಲೂ ಇಲ್ಲ. ಅವಳಿಗೆ ಸಂಕಟವಾಯಿತು. ಭುಜ ಸರಿಮಾಡುವುದು ಅವಳಿಂದಾಗದು. ಆದರೆ ತಪ್ಪು ಬಿಲ್ಲಿನದೇ ಎಂದು ಯಜಮಾನನೇ ಹೇಳಿದ ಮೇಲೆ, ಬಿಲ್ಲನ್ನೇ ಸರಿಮಾಡಿದರಾಯಿತು.

ಅವನು ಹುಣಸೂರಿನ ಸಂತೆಗೆ ಹೋದ ದಿನ ಬಿಲ್ಲು ಇಳಿಸಿಕೊಂಡು, ಕುಡುಗೋಲು ಹಿಡಿದು ಹಿತ್ತಿಲಿನಲ್ಲಿ ಕೂತಳು. ಮದುವೆಯಾದಾಗಿನಿಂದ ಅವನು ಬಿಲ್ಲು ಮಾಡುವುದನ್ನು ನೋಡಿದವಳು. ಬಿದಿರಿನ ಹೊರಮೈ ಮುಟ್ಟಿದರೆ ಬಿಲ್ಲು ಮುರಿಯುತ್ತದೆ, ಹೆರೆಯುವುದಾದರೆ ಎಳೆಯುವವನ ಕಡೆಯ ಒಳಮೈಯನ್ನೇ ಹೆರೆಯಬೇಕು, ಅದು ತೆಳುವಾದಷ್ಟೂ ಎಳೆಯಲು ಹಗುರ. ತೆಂಗಿನಕಾಯಿ ತುರಿದಷ್ಟು ಹುಷಾರಾಗಿ ಹೆರೆದಳು. ಹೆರೆದ ಜಾಗ ಬೆಳ್ಳಗೆ ಕಂಡಾಗ ಹರಳೆಣ್ಣೆಯಲ್ಲಿ ಒಲೆಯ ಮಸಿ ಕಲಸಿ ಬಳಿದು, ಮತ್ತೆ ಗೂಟಕ್ಕೆ ತಗುಲಿಸಿದಳು.

ಮಾರನೆಯ ದಿನ ಚಿಕ್ಕಬೀರಯ್ಯ ಬಿಲ್ಲು ಎಳೆದ. ಹೆದೆ ಎದೆಯವರೆಗೂ ಸಲೀಸಾಗಿ ಬಂತು. ಅವನ ಮುಖ ಹಬ್ಬವಾಯಿತು.

"ನೋಡ್ದಾ? ಬಿಸ್ಲು ಬಿತ್ತು, ಬಿದ್ರು ಸಡ್ಲಾಯ್ತು."

"ಊಂ ಕಣ್ರೀ, ಬಿಸ್ಲು ಜೋರಾಗೈತೆ" ಎಂದಳು ಪುಟ್ಟಸಿದ್ದಮ್ಮ. ರುಮಾಲು ಸುತ್ತುವಾಗ ನಗು ತಡೆಯಲಾರದೆ ಒಂದು ಸುತ್ತು ಅವನ ಕಣ್ಣಿನ ಮೇಲೇ ಬಂತು.

ಬಿದಿರು ಹೆರೆಯುವುದು ಅವಳಿಗೆ ಗೊತ್ತಿತ್ತು, ಅಂಬು ಹಾರುವುದರ ಲೆಕ್ಕ ತಲೆಗೆ ಬಂದಿರಲಿಲ್ಲ. ಅದು ಬಂದದ್ದು ಹೊಸತೊಡಕಿನ ಬೆಳಗ್ಗೆ, ಎಲ್ಲರೂ ಹೊರಟು ನಿಂತಾಗ. ದೇವಯ್ಯ ಅಂಗಳದಲ್ಲಿ ನಿಂತು, "ಅಂದಿ ಒಡ್ದಷ್ಟು ದೂರದಿಂದ್ಲೇ ಒಡೀಬೇಕು ಭಾವ, ನಾನು ಅದ್ನ ನೋಡಾಕೇ ಬಂದಿರಾದು" ಎಂದ. ಚಿಕ್ಕಬೀರಯ್ಯ ಮೀಸೆ ತಿರುವಿ, "ಅದ್ಕಿಂತ ದೂರದಿಂದ ಒಡ್ದು ತೋರುಸ್ತೀನಿ ಬನ್ನಿ" ಎಂದ. ಖಾರ ಅರೆಯುತ್ತಿದ್ದ ಪುಟ್ಟಸಿದ್ದಮ್ಮನ ಕೈ ನಿಂತಿತು. ಹಗುರ ಬಿಲ್ಲಿನ ಅಂಬು ಅಷ್ಟು ದೂರ ಹೇಗೆ ಹೋದೀತು? ಕರೆದು ಹೇಳೋಣವೆಂದರೆ ಬೀಗರ ಮುಂದೆ ಏನೆಂದು ಹೇಳುವುದು? ಅವರು ಹೊಳೆಯ ಕಡೆ ಇಳಿದು ಹೋದರು. ಗಂಡನ ಕೈಗೆ ತಾನೇ ತಮಟೆ ಕೊಟ್ಟಂತಾಯಿತಲ್ಲ ಎಂದು ಅವಳಿಗೆ ಅಳು ಬಂತು. ಖಾರದ ನೆಪದಲ್ಲಿ ಅತ್ತಳು.

ಹೊತ್ತು ನೆತ್ತಿಗೇರಿದಾಗ ಮೊದಲು ಕೇಳಿದ್ದು ದೇವಯ್ಯನ ನಗು. ಹಿಂದೆಯೇ ಚಿಕ್ಕಬೀರಯ್ಯ ಬಂದು, ಒಂದು ಮೊಲವನ್ನು ಬಾಗಿಲ ಬಳಿ ಇಟ್ಟು, ಕೈಕಾಲು ತೊಳೆಯಲು ಹೋದ. ದೇವಯ್ಯ ಜಗಲಿಯ ಮೇಲೆ ಕೂತು ಶುರುಮಾಡಿದ.

"ತಂಗ್ಯಮ್ಮ, ಭಾವುನ್ ಮೊದ್ಲನೇ ಅಂಬು ಮೊಲುದ್ ಅತ್ರುಕ್ಕೂ ಓಗ್ನಿಲ್ಲ ಕಣವ್ವ. ಅರ್ಧ ದಾರೀಲೇ ಸುಸ್ತಾಗಿ ಕುಂತ್ಕಂಬುಡ್ತು. ಆ ಮೊಲ ತಿರುಗಿ ನೋಡ್ತು, ಇದ್ಯಾರ್ದಪ್ಪ ಅಂತ. ಇಲ್ಲೊಂದು ತಮಟೆ ಕೊಡ್ರಲಾ ಅಂತ ಯಾರೋ ಕೂಗೂ ಕೂಗುದ್ರು."

"ಆಮೇಲೆ?"

"ಇವ್ರು ಬಿಲ್ನ ತಿರುಗ್ಸಿ ಎಬ್ಬೆಟ್ಟಲ್ಲಿ ಉಜ್ಜುದ್ರು. ಎಬ್ಬೆಟ್ಟು ಕರ್ರಗಾಯ್ತು. ಅದ್ನೇ ಬೋ ವೊತ್ತು ನೋಡ್ತಾ ನಿಂತಿದ್ರು."

ಪುಟ್ಟಸಿದ್ದಮ್ಮ ಮಸಿ ಕಲಸಿದ್ದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಆಮೇಲೆ ಮೆಟ್ಟು ಬುಟ್ರು, ನಮ್ಗೆಲ್ಲ ಬಾಯ್ ಮುಚ್ಕಂಡು ನಿಂತ್ಕಳಿ ಅಂದ್ರು. ಗಾಳಿಗೆ ಎದ್ರಾಗಿ ತೆವುಳ್ಕಂಡು ಓದ್ರು, ಓದ್ರು, ಓಯ್ತಾನೇ ಅವ್ರೆ. ನಾವು ಉಸ್ರು ಬುಡ್ನಿಲ್ಲ. ದೂರದಿಂದ ಒಡೆಯೋರ್ನ ಬೇಕಾದಷ್ಟು ನೋಡಿವ್ನಿ ತಂಗ್ಯಮ್ಮ. ಮೊಲುದ್ ಕಿವೀಲಿ ಗುಟ್ಟು ಯೋಳೋವಷ್ಟು ಅತ್ರ ಓದೋರ್ನ ಇವತ್ತೇ ಕಂಡಿದ್ದು. ಮುಂದಿನ್ ವರ್ಸಾನೂ ಮೊದ್ಲನೇ ಅಂಬು ಅವ್ರುದೇ ಅಂತ ಊರೋರೇ ಅಂದ್ರು."

ಊಟದ ಹೊತ್ತಿಗೆ ಚಿಕ್ಕಬೀರಯ್ಯ ಹಂದಿಯ ಕತೆ ತೆಗೆಯಲಿಲ್ಲ. ಬಡಿಸಿದ್ದನ್ನು ಉಂಡ. ಬೀಗರು ಜಗಲಿಯಲ್ಲಿ ಅಡ್ಡಾದ ಮೇಲೆ ಅವಳು ಹಿತ್ತಿಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಅವನು ಬಿಲ್ಲು ಹಿಡಿದು ಬಂದ. ಅವಳು ತಲೆಯೆತ್ತದೆ, "ತಪ್ಪಾಯ್ತು" ಎಂದಳು.

ಅವನು ಪಕ್ಕದ ಕಲ್ಲಿನ ಮೇಲೆ ಕೂತ. ಬಿಲ್ಲನ್ನು ಬಗ್ಗಿಸಿ ಅವಳ ಕಣ್ಣಿನ ಮುಂದೆ ಹಿಡಿದ.

"ಮೇಲ್ಗಡೆ ಚೆಂದಾಗಿ ಹೆರ್ದಿದ್ದೀಯ. ಕೆಳ್ಗಡೆ ಇನ್ನೂ ಬಿಗಿ ಐತೆ, ನೋಡು. ಅದ್ಕೇ ಅಂಬು ವಾಲ್ಕಂಡು ಓಯ್ತದೆ."

ಅವಳಿಗೆ ಉಸಿರು ಬಂತು, ಉಸಿರಿನ ಜೊತೆ ನಾಲಗೆಯೂ. "ಬಿಸ್ಲು ಬಿದ್ರೆ ಸಡ್ಲಾಗಾಕಿಲ್ವಾ?"

ಅವನು ನಗಲು ಹೋಗಿ ನಿಲ್ಲಿಸಿದ. "ಬಿಸ್ಲಿಗೆ ಆಗಾಕಿಲ್ಲ ಕಣಮ್ಮಿ. ನನ್ ಭುಜ ಇನ್ನು ಮೊದ್ಲಿನಂಗೆ ಬರಾಕಿಲ್ಲ."

ಮೆದೆಯಿಂದ ಬಿದ್ದ ದಿನದಿಂದ ಆ ಮಾತನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ. ಅವಳು ಕೈ ತೊಳೆದುಕೊಂಡು ಬಿಲ್ಲನ್ನು ತೆಗೆದುಕೊಂಡಳು.

"ಎಲ್ಲೀಗಂಟ ಹೆರೀಲಿ?"

"ನೀನೇ ಎಳ್ದು ಎಳ್ದು ನೋಡ್ತಾ ಹೆರಿ" ಎಂದ ಚಿಕ್ಕಬೀರಯ್ಯ. "ನಿನ್ ಕೈಗೆ ಬಂದ್ರೆ ನನ್ ಕೈಗೂ ಬತ್ತದೆ."