ಗುಡುಗಿದಾಗ ಪೈಪು ಬಡಿಯುತ್ತಿದ್ದ ಎವೆಲಿಯೊ

ಅವತ್ತೂ ಮಧ್ಯಾಹ್ನ ಕರೆಂಟು ಹೋಯಿತು. ಹವಾನಾದ ಸೆರ್ರೊ ಬಡಾವಣೆಯಲ್ಲಿ ಕರೆಂಟು ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಂದಾಗ ಮಾತ್ರ ಬೀದಿಗೆ ಬೀದಿಯೇ ಕೂಗುತ್ತದೆ. ನಿವಿಯಾಗೆ ಆ ಕೂಗೂ ಬೇಕಿರಲಿಲ್ಲ. ಗಂಡನ ಹಳೆಯ ಕಂಪ್ಯೂಟರಿನ ಗುಂಡಿ ಒತ್ತಿಟ್ಟೇ ಮಲಗುತ್ತಿದ್ದಳು. ಕರೆಂಟು ಬಂದು ಅದು 'ಟುಯ್' ಎಂದರೆ ಎದ್ದು ಅನ್ನಕ್ಕಿಡುವುದು.

ಎವೆಲಿಯೊ ತೀರಿಕೊಂಡು ಎರಡು ವರ್ಷ. ಮನೆಯಿಂದ ಮನೆಗೆ ಮಾಳಿಗೆಗಳ ಮೇಲೆ ತಂತಿ ಎಳೆದು ಇಡೀ ಬೀದಿಯ ಕಂಪ್ಯೂಟರುಗಳನ್ನು ಜೋಡಿಸಿದವನು ಅವನೇ. ದಿನಾ ಬೆಳಿಗ್ಗೆ ತನ್ನ ದನಿ ಮುದ್ರಿಸಿ ಎಲ್ಲ ಮನೆಗೂ ಕಳಿಸುತ್ತಿದ್ದ. ಎಂಥ ಕಾಲ ಅದು! ಈಗ ಉಳಿದದ್ದು ಪಕ್ಕದ ಮನೆ ಯಮೀಲೆಯ ತನಕ ಹೋಗುವ ಒಂದೇ ತಂತಿ, ಮತ್ತೆ ಆ ಕಂಪ್ಯೂಟರಿನೊಳಗಿನ ಅವನ ದನಿ. ಬೇಸರವಾದಾಗ ನಿವಿಯಾ ಅದನ್ನು ಹಾಕಿಕೊಂಡು ಕೂರುತ್ತಿದ್ದಳು.

ಎವೆಲಿಯೊ ಜೊತೆ ತಂತಿ ಎಳೆದಿದ್ದ ಯಮೀಲೆ ಬಾಗಿಲಲ್ಲಿ ಇಣುಕಿದಳು.

"ನಿವಿಯಕ್ಕಾ, ಕಡಲ ಕಡೆ ಗುಡುಗ್ತಿದೆ. ಪ್ಲಗ್ಗು ಕಿತ್ತೆಯಾ?"

"ಕರೆಂಟೇ ಇಲ್ಲ, ಪ್ಲಗ್ಗು ಕಿತ್ತು ಏನ್ ಮಾಡ್ಲಿ? ಕರೆಂಟು ಬಂದದ್ದು ಗೊತ್ತಾಗೋದೇ ಅದರಿಂದ."

"ಬರೋವಾಗ ಒಂದೇ ಏಟಿಗೆ ನುಗ್ಗತ್ತೆ ಅಕ್ಕ. ಡಿಸ್ಕು ಸುಟ್ಟುಹೋದ್ರೆ ದನಿಯೂ ಹೋಯ್ತು. ಮಾಳಿಗೆ ತಂತಿನೂ ಕೀಳ್ಬೇಕು. ಸಿಡಿಲಿನ ಏಟು ಅದರಲ್ಲೂ ಒಳಗೆ ಬರತ್ತೆ."

"ಅದನ್ನ ಮಾತ್ರ ಮುಟ್ಬೇಡ. ಅವನು ಕೈಯಾರೆ ಸಿಕ್ಕಿಸಿದ್ದು."

"ಗುಡುಗಿದಾಗೆಲ್ಲ ಅವನೇ ಕೀಳ್ತಿದ್ನಲ್ಲ!"

ನಿವಿಯಾಗೆ ನಗು ಬಂತು. "ಅವನಾ? ದೂರದಲ್ಲೆಲ್ಲೋ ಗುಡುಗಿದ್ರೂ ಕೋಣೆಗೆ ಓಡಿ ಬಾಗಿಲು ಹಾಕ್ಕೊಳ್ತಿದ್ದ ಪುಕ್ಕಲ. ಆಮೇಲೆ ನೀರಿನ ಪೈಪು ಬಡಿಯೋದು. ಗುಡುಗನ್ನೇ ಹೆದರಿಸ್ತೀಯೇನೋ ಅಂತ ಆಡ್ಕೊಳ್ತಿದ್ದೆ."

ಯಮೀಲೆ ಒಳಗೆ ಬಂದು ಪಕ್ಕದಲ್ಲಿ ಕೂತಳು.

"ಓಡ್ತಿದ್ದದ್ದು ತಂತಿ ಕೀಳೋಕೆ ಅಕ್ಕ. ಪೈಪು ಬಡೀತಿದ್ದದ್ದು ನಮಗೆ ತಿಳಿಸೋಕೆ. ಆ ಸದ್ದು ಎಲ್ಲ ಮನೆಗೂ ಕೇಳ್ತಿತ್ತು. ನಾವೂ ಕೀಳ್ತಿದ್ವಿ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ನಗೋದು ನೋಡೋಕೆ ಅವನಿಗೆ ಇಷ್ಟ. ಹೇಳ್ಬೇಡ ಅಂದಿದ್ದ."

ನಿವಿಯಾ ಎದ್ದು ಹೋಗಿ ಮೊದಲು ಪ್ಲಗ್ಗು, ಆಮೇಲೆ ತಂತಿ ಕಿತ್ತಳು.

"ಗುಡುಗು ದೂರ ಇರೋವಾಗ್ಲೇ ಕೀಳ್ಬೇಕು. ನೆತ್ತಿ ಮೇಲೆ ಬಂದಾಗ ತಂತಿ, ಪೈಪು ಯಾವುದನ್ನೂ ಮುಟ್ಟಬಾರದು," ಎಂದಳು ಯಮೀಲೆ.

ಮಳೆ ಹೊಯ್ದು ನಿಂತಿತು. "ಬಂತು, ಬಂತು" ಎಂದು ಬೀದಿ ಕೂಗಿತು. ನಿವಿಯಾ ಪ್ಲಗ್ಗು ಹಾಕಲು ಎದ್ದದ್ದೇ ಯಮೀಲೆ ಕೈ ಹಿಡಿದು ನಿಲ್ಲಿಸಿದಳು. "ಕಾಫಿ ಮಾಡು, ಕುಡಿಯೋಣ. ಕರೆಂಟು ಒಂದು ಹದಕ್ಕೆ ಬರಲಿ." ಕಾಫಿ ಕುಡಿಯುವಾಗಲೇ ಎದುರುಮನೆ ಫರ್ಮಿನ್ ತಲೆ ಮೇಲೆ ಕೈಹೊತ್ತು ಬಂದ. ಪ್ಲಗ್ಗು ಹಾಗೇ ಬಿಟ್ಟಿದ್ದನಂತೆ. ಕಂಪ್ಯೂಟರಿನಿಂದ ಸುಟ್ಟ ವಾಸನೆ. ಮಗಳ ಮದುವೆಯ ಚಿತ್ರಗಳೆಲ್ಲ ಅದರಲ್ಲೇ ಇದ್ದವು.

"ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟಿಲ್ವಾ?" ಎಂದಳು ಯಮೀಲೆ.

"ಇಲ್ಲ."

ಸಂಜೆಯೇ ಯಮೀಲೆ ಇನ್ನೊಂದು ಡಿಸ್ಕು ತಂದು ಎವೆಲಿಯೊನ ದನಿಯನ್ನೆಲ್ಲ ಅದಕ್ಕೂ ಇಳಿಸಿದಳು. ಅದನ್ನು ತನ್ನ ಮನೆಯಲ್ಲೇ ಇಟ್ಟುಕೊಂಡಳು. ಸರಿಯಾಗಿ ಬಂದಿದೆಯೋ ಎಂದು ಒಂದನ್ನು ಹಾಕಿ ನೋಡಿದರು.

"ಏಳ್ರಪ್ಪಾ, ಮೂಲೆ ಅಂಗಡೀಲಿ ಬಿಸಿ ಬ್ರೆಡ್ ಬಂದಿದೆ. ನಿವಿಯಾಗೆ ಹೇಳ್ಬೇಡಿ, ನಾನೇ ತಂದುಕೊಡ್ತೀನಿ."

ನಿವಿಯಾ ಅತ್ತಳು, ನಕ್ಕಳು.

ಮುಂದಿನ ವಾರ ಕಡಲ ಕಡೆ ಗುಡುಗಿತು. ಬೀದಿಯವರಿಗೆ ಎಷ್ಟೋ ದಿನದ ಮೇಲೆ ನಿವಿಯಾಳ ಮನೆಯಿಂದ ಪೈಪು ಬಡಿಯುವ ಸದ್ದು ಕೇಳಿಸಿತು. ಎದುರುಮನೆಯಲ್ಲಿ ಫರ್ಮಿನ್ ಪ್ಲಗ್ಗುಗಳನ್ನು ಕೀಳಲು ಓಡಿದ.

ಓದುತ್ತಿರುವ ಅಣ್ಣ, ಅಕ್ಕ, ನಿಮ್ಮ ಕಂಪ್ಯೂಟರಿನಲ್ಲೂ ಯಾರದೋ ದನಿ, ಯಾರದೋ ಮುಖ ಇದ್ದೇ ಇರುತ್ತದೆ. ಕರೆಂಟು ಹೋದರೆ ಪ್ಲಗ್ಗು ಕೀಳಿ. ಬಂದ ಮೇಲೂ ಒಂದು ಕಾಫಿಯಷ್ಟು ಹೊತ್ತು ತಾಳಿ. ದೂರದ ಗುಡುಗಿಗೇ ನೆಟ್‌ವರ್ಕ್ ತಂತಿಯನ್ನೂ ಬಿಡಿಸಿ. ಇನ್ನೊಂದು ಪ್ರತಿಯನ್ನು ನಂಬಿದವರ ಮನೆಯಲ್ಲಿಡಿ. ಯಾರಾದರೂ ಪುಕ್ಕಲರೆಂದು ನಕ್ಕರೆ ನಗಲಿ ಬಿಡಿ.