ಅಡುಗೆಮನೆಗೆ ಒಬ್ಬರು

ಆ ಮನೆಯ ಟೀವಿ ಎಲ್ಲರದ್ದು. ಅದರಲ್ಲಿ ಬರುವ ಗೆಲುವು ಮಾತ್ರ ಅತ್ತೆಯ ಪಾಲಿಗಿರಲಿಲ್ಲ. ಹಾಕಿ ವಿಶ್ವಕಪ್ಪೇ ಇರಲಿ, ಒಲಿಂಪಿಕ್ಸೇ ಇರಲಿ, ಪಂದ್ಯ ನೋಡುವುದಕ್ಕೆ ಅವಳ ಅಣ್ಣ ಕಾನೂನು ಮಾಡಿಟ್ಟಿದ್ದ. ಬೆತ್ತದ ಕುರ್ಚಿ ಅವನದು, ಬಾಗಿಲ ಪಕ್ಕದ ಸ್ಟೂಲು ಸೊಸೆಯದು, ನೆಲವೆಲ್ಲ ಮಗ ಗುಂಡನದು. ಪಂದ್ಯ ಬಿಗಿಯಾಯಿತೋ, ಅಣ್ಣನ ತಂಗಿ, ಅಂದರೆ ಗುಂಡನ ಅತ್ತೆ, ಎದ್ದು ಅಡುಗೆಮನೆಗೆ ನಡೆಯಬೇಕು.

ಇದೆಲ್ಲ ಶುರುವಾದದ್ದು ಹದಿನೆಂಟು ವರ್ಷದ ಹಿಂದೆ, ಒಂದು ಪಾತ್ರೆ ಹಾಲಿನಿಂದ. ಫೈನಲ್ ಮುಗಿಯಲು ಒಂದೇ ನಿಮಿಷವಿತ್ತು. ಹಾಲು ಉಕ್ಕುವ ವಾಸನೆಗೆ ಅತ್ತೆ ಒಳಗೆ ಓಡಿದಳು, ಅದೇ ಗಳಿಗೆಗೆ ನಮ್ಮವರ ಗೋಲು ಬಿತ್ತು. “ಬರಬೇಡ! ಅಲ್ಲೇ ಇರು!” ಎಂದು ಅಣ್ಣ ಕಿರುಚಿದ. ಅಂದಿನಿಂದ ಅವಳಿಗೆ ಅದೇ ಗ್ಯಾಲರಿ. ಗೆದ್ದರೆ ಅವಳು ಎದ್ದು ಹೋಗಿದ್ದಕ್ಕೆ; ಸೋತರೆ “ನೀನು ಇಣುಕಿರಬೇಕು.” ಎಂಥ ನ್ಯಾಯ ನೋಡಿ! ಸಾಲದ್ದಕ್ಕೆ, “ಹೇಗೂ ಅಲ್ಲೇ ಇದ್ದೀಯಲ್ಲ, ಟೀ ಇಡು.”

ಒಲೆಯ ಮುಂದೆ ನಿಂತು ಅವಳು ಸದ್ದಿನಲ್ಲೇ ಆಟ ಕಲಿತಳು. ಗುಂಡ ನೆಲ ಗುದ್ದಿದರೆ ಗೋಲು ತಪ್ಪಿತು, ಅಣ್ಣ ಕೆಮ್ಮಿದರೆ ಚೆಂಡು ಎದುರಾಳಿಯ ಹತ್ತಿರ. ಗದ್ದಲ ಎದ್ದಾಗ “ಏನಾಯ್ತು? ಯಾರಾದ್ರೂ ಹೇಳ್ರೋ!” ಎಂದು ಕೂಗುತ್ತಿದ್ದಳು. ಯಾರೂ ಹೇಳುತ್ತಿರಲಿಲ್ಲ. ಅವಳ ಪಾಲಿಗೆ ಉಳಿಯುತ್ತಿದ್ದದ್ದು ಆಮೇಲೆ ಮತ್ತೆ ತೋರಿಸುವ ಗೋಲು, ಆರಿದ ಮೇಲೆ ಬಡಿಸಿದ ಊಟದ ಹಾಗೆ.

ಹಾಗಂತ ಅತ್ತೆ ಬಾಯಿಸತ್ತವಳೇನಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಇಡೀ ಬೀದಿಯ ಅಳತೆ ತೆಗೆದವಳು. ನಂಬಿಕೆ ಸುಳ್ಳೆಂದು ಗೊತ್ತಿದ್ದರೂ ಅಣ್ಣನ ಖುಷಿಗೆ ನಡೆದುಕೊಂಡಿದ್ದಳು, ಅಷ್ಟೇ. ಆದರೆ ಈ ಸಲದ ಮಾತೇ ಬೇರೆ.

ನಮ್ಮ ಹುಡುಗಿಯರ ಹಾಕಿ ತಂಡ ಟೂರ್ನಿಗೆ ಹೊರಡುವ ಎರಡು ದಿನ ಮೊದಲು ಒಬ್ಬ ಹುಡುಗಿ ಅವಳ ಬಾಗಿಲಿಗೆ ಬಂದಿದ್ದಳು. ಕೈಯಲ್ಲಿ ಕಾಲಿಗೆ ಕಟ್ಟುವ ದಪ್ಪನೆಯ ಪ್ಯಾಡು, ಅದರ ಪಟ್ಟಿ ಕಿತ್ತುಹೋಗಿತ್ತು. “ಹೊಸದು ಒಗ್ಗಲ್ಲ ಆಂಟಿ. ಎಲ್ಲರೂ ಆಗಲ್ಲ ಅಂದ್ರು.” ಅವಳು ತಂಡದ ಗೋಲ್‌ಕೀಪರ್ ಎಂದು ಅತ್ತೆಗೆ ಗೊತ್ತಾದದ್ದು ಆಗಲೇ. ಮೆಷಿನ್ನಿನ ಸೂಜಿ ಮುರಿಯಿತು, ಇನ್ನೊಂದೂ ಮುರಿಯಿತು. ಕೊನೆಗೆ ದಬ್ಬಳ ಹಿಡಿದು, ಮೇಣ ಸವರಿದ ದಾರದಲ್ಲಿ ಕೈಯಲ್ಲೇ ನಾಲ್ಕು ಸಾಲು ಹೊಲಿದಳು. ಕಪ್ಪು ದಾರ ಮುಗಿದಿದ್ದರಿಂದ ಕೆಂಪು. ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದ್ದರೆ, ಸೋತಾಗ ಅದಕ್ಕೂ ಅವಳೇ ಕಾರಣ ಆಗುತ್ತಿದ್ದಳು! ಆದರೆ ಆ ಪಟ್ಟಿ ನಿಲ್ಲುವುದನ್ನು ಕಣ್ಣಾರೆ ನೋಡಲೇಬೇಕೆಂದು ತೀರ್ಮಾನಿಸಿದ್ದಳು.

ಭಾನುವಾರ ಮಧ್ಯಾಹ್ನ ಫೈನಲ್. ಸಮಸಮ ಆಗಿ ಶೂಟೌಟ್‌ಗೆ ಬಂತು. ಎರಡೂ ಕಡೆಗೆ ಐದೈದು ಅವಕಾಶ. ಒಬ್ಬಳು ಚೆಂಡು ತರಬೇಕು, ಗೋಲ್‌ಕೀಪರ್ ಒಬ್ಬಳೇ ತಡೆಯಬೇಕು.

“ಏಳಮ್ಮ,” ಎಂದ ಅಣ್ಣ, ಟೀವಿಯಿಂದ ಕಣ್ಣು ತೆಗೆಯದೆ.

“ಏಳಲ್ಲ.”

“ಅತ್ತೆ, ಇವತ್ತೊಂದಿನ!” ಎಂದು ಗುಂಡ ಕೈಮುಗಿದ.

“ಜಪ್ಪಯ್ಯ ಅಂದ್ರೂ ಏಳಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೋಲು ಬಿದ್ರೆ ನಾನು ಡೊಂಕಾ?”

ಅಷ್ಟರಲ್ಲಿ ಎದುರಾಳಿಗಳು ಮೊದಲನೆಯದನ್ನು ಹೊಡೆದರು. ಎರಡನೆಯದನ್ನೂ ಹೊಡೆದರು. ನಮ್ಮವರದು ಎರಡರಲ್ಲಿ ಒಂದೇ. ಮೂರು ಜೊತೆ ಕಣ್ಣು ಅತ್ತೆಯನ್ನು ಸುಡುವಂತೆ ನೋಡಿದವು. ಅತ್ತೆಯೂ ಒಂದು ಗಳಿಗೆ ಅಡುಗೆಮನೆಯ ಬಾಗಿಲ ಕಡೆ ನೋಡಿದಳು, ಸುಳ್ಳೇಕೆ. ಆದರೂ ಬೆರಳೆತ್ತಿ ಟೀವಿ ತೋರಿಸಿದಳು.

“ಅಣ್ಣ, ಆ ಹುಡುಗಿಯ ಎಡಗಾಲು ನೋಡು. ಪಟ್ಟಿ ಮೇಲೆ ಕೆಂಪು ಹೊಲಿಗೆ ಕಾಣುತ್ತಾ? ನಂದು. ನಾನು ರಿಪೇರಿ ಮಾಡಿದ್ದು. ನೋಡದೆ ಹೇಗೆ ಹೋಗ್ಲಿ?”

ಅಣ್ಣ ನೋಡಿದ. ಗೋಲ್‌ಕೀಪರ್ ಬಗ್ಗಿ ಪಟ್ಟಿ ಬಿಗಿಮಾಡಿಕೊಳ್ಳುತ್ತಿದ್ದಳು. ಕೆಂಪು ದಾರ ಎದ್ದು ಕಾಣುತ್ತಿತ್ತು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು ಅವನು. ರಿಪೇರಿಯಾದ ಗಡಿಯಾರ ಒಂದು ಪೂರ್ತಿ ದಿನ ಓಡುವುದನ್ನು ತಾನೇ ನೋಡದೆ ಯಾವ ಗಿರಾಕಿಗೂ ಕೊಟ್ಟವನಲ್ಲ. ತಂಗಿಯ ಮುಖ ನೋಡಿದ, ಮೊಣಕಾಲು ಹಿಡಿದುಕೊಂಡು ಎದ್ದ.

“ನನ್ನ ಕುರ್ಚಿಯಲ್ಲಿ ಕೂತ್ಕೋ. ಅಲ್ಲಿಂದ ಚೆನ್ನಾಗಿ ಕಾಣುತ್ತೆ.”

“ನೀನು?”

“ಅಡುಗೆಮನೆಗೆ ಒಬ್ಬರು ಹೋಗಲೇಬೇಕಲ್ಲ,” ಎಂದವನೇ ಒಳಗೆ ನಡೆದ.

ಹದಿನೆಂಟು ವರ್ಷದಲ್ಲಿ ಮೊದಲ ಸಲ ಅತ್ತೆ ಬೆತ್ತದ ಕುರ್ಚಿಯಲ್ಲಿ ಕೂತಳು. ಮೂರನೆಯದನ್ನು ಹುಡುಗಿ ತಡೆದಳು. ನಾಲ್ಕನೆಯದು ಕಂಬಕ್ಕೆ ಬಡಿದು ಹೊರಗೆ ಹೋಯಿತು. ನಮ್ಮವರ ಐದೂ ಮುಗಿದು ಮೂರು ಗೋಲಾಗಿತ್ತು. ಎದುರಾಳಿಗಳ ಕೊನೆಯದೊಂದನ್ನು ತಡೆದರೆ ಕಪ್ ನಮ್ಮದು.

ಎದುರಾಳಿ ಬಲಕ್ಕೆ ತೋರಿಸಿ ಎಡಕ್ಕೆ ಹೊರಳಿದಳು. ಗೋಲ್‌ಕೀಪರ್ ಬೀಳುತ್ತಲೇ ಎಡಗಾಲು ಚಾಚಿದಳು. ಚೆಂಡು ಪ್ಯಾಡಿಗೆ ಅಪ್ಪಳಿಸಿತು. ಪಟ್ಟಿ ಬಿಗಿದು ನಿಂತಿತು, ಒಂದು ಎಳೆಯೂ ಬಿಡಲಿಲ್ಲ. ಚೆಂಡು ಹೊರಗೆ!

ಗುಂಡ ನೆಲದಿಂದ ಹಾರಿದ, ಸೊಸೆ ಸ್ಟೂಲು ಬೀಳಿಸಿದಳು. ಅತ್ತೆ ಎರಡೂ ಕೈ ಬಾಯಿಗೆ ಒತ್ತಿಕೊಂಡು ಅತ್ತಳು. ಖುಷಿಗೇ ಅತ್ತಳು.

“ಏನಾಯ್ತು? ಯಾರಾದ್ರೂ ಹೇಳ್ರೋ!” ಅಡುಗೆಮನೆಯಿಂದ ಕೂಗು ಬಂತು. ಯಾರೂ ಹೇಳಲಿಲ್ಲ. “ಲೋ ಗುಂಡ! ಏನಾಯ್ತೋ?”

ಆ ಕೂಗು ಅತ್ತೆಯನ್ನು ಮುಟ್ಟಿತು. ಅದು ಅವಳದೇ ಕೂಗಾಗಿತ್ತು. “ಗೆದ್ವಿ ಅಣ್ಣ!” ಎಂದು ಗಂಟಲು ಬಿಟ್ಟು ಕೂಗಿದಳು.

ಬಾಗಿಲಲ್ಲಿ ಅಣ್ಣನ ಮುಖ ಕಾಣಿಸಿತು. “ಹೊಲಿಗೆ ನಿಂತಿತಾ?”

“ನಿಲ್ಲದೆ? ಯಾರದು ಅಂದ್ಕೊಂಡೆ?”

ಗುಂಡ ಉಸಿರು ತಿರುಗಿಸಿಕೊಂಡು ಲೆಕ್ಕ ಹಾಕಿದ. “ಅಪ್ಪ, ನೀವು ಒಳಗೆ ಹೋದ್ಮೇಲೆ ಅವ್ರದು ಒಂದೂ ಗೋಲು ಬೀಳಲಿಲ್ಲ!”

ಅಣ್ಣ ತನ್ನ ಕುರ್ಚಿಯನ್ನು ನೋಡಿದ. ಅತ್ತೆ ಕಣ್ಣೊರೆಸಿಕೊಂಡು ಬೆನ್ನು ಒರಗಿಸಿದಳು.

“ಹೇಗೂ ಅಲ್ಲೇ ಇದ್ದೀಯಲ್ಲ ಅಣ್ಣ,” ಅಂದಳು, “ಟೀ ಇಡು.”